ಆರು ಟ್ಯಾಂಕರ್ ವಿಮಾನ ಸಾಲದು: ಕಾರವಾರದ ಕಡಲಿನಿಂದ ನೋಡಿದರೆ

ಭಾರತೀಯ ವಾಯುಪಡೆಯ ಹತ್ತಿರ ಆಕಾಶದಲ್ಲೇ ಇಂಧನ ತುಂಬಿಸುವ ಸ್ವಂತ ವಿಮಾನಗಳು ಇರುವುದು ಬರೀ ಆರು. ಆರೂ ಐಎಲ್-78. ತಾಷ್ಕೆಂಟ್‌ನ ಕಾರ್ಖಾನೆಯಲ್ಲಿ ತಯಾರಾಗಿ 2003-04ರ ಹೊತ್ತಿಗೆ ನಮ್ಮ ಕೈಗೆ ಬಂದವು. ನೆಲೆ ಆಗ್ರಾ. ಅವತ್ತಿನಿಂದ ಇವತ್ತಿನವರೆಗೆ ಏಳನೆಯದು ಬಂದಿಲ್ಲ. ಈ ಮಧ್ಯೆ ನಾವು 36 ರಫೇಲ್ ಕೊಂಡೆವು, ತೇಜಸ್ ಹಾರಿಸಿದೆವು, ಸುಖೋಯ್-30 ಸಂಖ್ಯೆಯನ್ನು ಇನ್ನೂರೈವತ್ತರ ಆಚೆ ಒಯ್ದೆವು, ಎರಡು ವಿಮಾನವಾಹಕ ಯುದ್ಧನೌಕೆಗಳನ್ನು ನೀರಿಗಿಳಿಸಿದೆವು. ಇವಕ್ಕೆಲ್ಲ ಗಾಳಿಯಲ್ಲಿ ಇಂಧನ ಕೊಡುವ ಕೆಲಸ ಮಾತ್ರ ಅದೇ ಆರು ವಿಮಾನಗಳ ಹೆಗಲ ಮೇಲೆ.

ಆರು ಅನ್ನುವುದೂ ಕಾಗದದ ಮೇಲಿನ ಸಂಖ್ಯೆ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ 2017ರಲ್ಲಿ ಬಂತು, ಅದನ್ನು ನೋಡಿ. 2010ರಿಂದ 2016ರವರೆಗೆ ಈ ವಿಮಾನಗಳು ಹಾರಲು ಸಿದ್ಧವಾಗಿದ್ದದ್ದು ಸರಾಸರಿ ಶೇ 49ರಷ್ಟು. ಇರಬೇಕಾಗಿದ್ದದ್ದು ಶೇ 70. ಅಂದರೆ ಯಾವುದೇ ಒಂದು ದಿನ ಬೆಳಿಗ್ಗೆ ಎಣಿಸಿದರೆ ಮೂರು ವಿಮಾನ ರೆಡಿ, ಮೂರು ಹ್ಯಾಂಗರ್‌ನಲ್ಲಿ. ಕಾಶ್ಮೀರದಿಂದ ಅಂಡಮಾನ್‌ವರೆಗಿನ ದೇಶಕ್ಕೆ ಮೂರು.

ಈಗ ಮತ್ತೆ ಆರು ಟ್ಯಾಂಕರ್ ಕೊಳ್ಳುವ ಮಾತು ನಡೆದಿದೆ. 2025ರ ಅಕ್ಟೋಬರ್‌ನಲ್ಲಿ ಬಂದ ವರದಿಗಳ ಪ್ರಕಾರ ಇದು ಸುಮಾರು 8,000 ಕೋಟಿ ರೂಪಾಯಿ ವ್ಯವಹಾರ. ಕೊನೆಗೆ ಕಣದಲ್ಲಿ ಉಳಿದದ್ದು ಇಸ್ರೇಲ್ ಏರೋಸ್ಪೇಸ್ ಇಂಡಸ್ಟ್ರೀಸ್ ಒಂದೇ. ಪ್ರಯಾಣಿಕರನ್ನು ಹೊತ್ತು ಹಾರಿದ ಹಳೆಯ ಬೋಯಿಂಗ್ 767 ವಿಮಾನಗಳನ್ನು ಟ್ಯಾಂಕರ್ ಆಗಿ ಬದಲಾಯಿಸಿ ಕೊಡುವುದು ಅವರ ಯೋಜನೆ. 'ಸೆಕೆಂಡ್‌ಹ್ಯಾಂಡ್ ವಿಮಾನ ಯಾಕೆ' ಅಂತ ಕೆಲವರು ಕೇಳುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದವು ಬೇರೆ ಇವೆ ಅಂತ ನನಗನ್ನಿಸುತ್ತದೆ. ಹಾರಲು ಎಷ್ಟು ದಿನ ರೆಡಿ ಇರುತ್ತದೆ? ಬೇಕಾದ ಜಾಗಕ್ಕೆ ಹೋಗಿ ಮುಟ್ಟಿದ ಮೇಲೆ ಕೊಡಲು ಎಷ್ಟು ಇಂಧನ ಉಳಿದಿರುತ್ತದೆ? ಮತ್ತೆ, ಅದು ಯಾವ ಊರಿನಿಂದ ಹಾರುತ್ತದೆ?

ಕಾರವಾರದಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣ ಇದೆ. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ತವರು ಬಂದರು ನಮ್ಮ ಕದಂಬ ನೌಕಾನೆಲೆ. ಇನ್ನೊಂದು ವಿಮಾನವಾಹಕ ವಿಕ್ರಾಂತ್ ಕೂಡ ಇಲ್ಲಿಗೆ ಬಂದು ನಿಲ್ಲುತ್ತದೆ. ಈ ನೆಲೆ ಕಟ್ಟುವ ಸೀಬರ್ಡ್ ಯೋಜನೆಯ ಈಗಿನ ಹಂತ ಪೂರ್ತಿಯಾದರೆ 32 ಹಡಗು ಮತ್ತು ಜಲಾಂತರ್ಗಾಮಿಗಳಿಗೆ ಜಾಗ ಆಗುತ್ತದೆ. ಇದಕ್ಕಾಗಿ ಅರ್ಗಾ ಮತ್ತು ಸುತ್ತಲಿನ ಹಳ್ಳಿಗಳ ಜನ ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲ ಬಿಟ್ಟುಕೊಟ್ಟರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಅಷ್ಟು ಕೊಟ್ಟ ಜನ, ಈ ಹಡಗುಗಳ ತಲೆಯ ಮೇಲೆ ಕಾವಲಿಗೆ ವಿಮಾನ ಇರುತ್ತದಾ, ಇದ್ದರೆ ಎಷ್ಟು ಹೊತ್ತು ಇರುತ್ತದೆ ಅಂತ ಕೇಳುವುದು ತಪ್ಪಲ್ಲ. ಕೇಳಲೇಬೇಕು.

ಟ್ಯಾಂಕರ್ ವಿಮಾನ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ದೂರ. ಇಂಧನ ತುಂಬಿಸಿದರೆ ಯುದ್ಧವಿಮಾನ ಇನ್ನಷ್ಟು ದೂರ ಹೋಗುತ್ತದೆ, ಸರಿ. ಸುಖೋಯ್-30 ಒಂದೇ ಸಲ ತುಂಬಿಕೊಂಡರೆ ಸುಮಾರು 3,000 ಕಿ.ಮೀ. ಹಾರುತ್ತದೆ. ಮಧ್ಯದಲ್ಲಿ ಕೊಡುತ್ತಾ ಹೋದರೆ ಅದರ ಎರಡು ಪಟ್ಟಿಗೂ ಜಾಸ್ತಿ. 2020ರ ಅಕ್ಟೋಬರ್‌ನಲ್ಲಿ ಪಂಜಾಬಿನಿಂದ ಹೊರಟ ಒಂದು ಸುಖೋಯ್ ದಾರಿಯಲ್ಲಿ ಇಂಧನ ತುಂಬಿಸಿಕೊಂಡು ಬಂಗಾಳ ಕೊಲ್ಲಿಗೆ ಹೋಗಿ ಬ್ರಹ್ಮೋಸ್ ಕ್ಷಿಪಣಿ ಹಾರಿಸಿ ಗುರಿಯ ಹಡಗನ್ನು ಹೊಡೆದು ಬಂತು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಯ ಸಮುದ್ರಕ್ಕೆ!

ಎರಡನೆಯ ಉಪಯೋಗ ಹೊತ್ತು, ಅಂದರೆ ಮೇಲೆ ಇರಬಹುದಾದ ಸಮಯ. ಕಾವಲು ಕಾಯುವ ವಿಮಾನ ಎಲ್ಲಿಗೂ ಹೋಗಬೇಕಾಗಿಲ್ಲ, ಇದ್ದಲ್ಲೇ ಸುತ್ತು ಹೊಡೆಯುತ್ತಾ ಇರಬೇಕು. ಟ್ಯಾಂಕರ್ ಇಲ್ಲದಿದ್ದರೆ ಗಂಟೆ ಒಂದೂವರೆ ಗಂಟೆಗೊಮ್ಮೆ ಒಂದು ಜೋಡಿ ಇಳಿಯಬೇಕು, ಇನ್ನೊಂದು ಜೋಡಿ ಏರಬೇಕು. ಟ್ಯಾಂಕರ್ ಇದ್ದರೆ ಅದೇ ಜೋಡಿ ನಾಲ್ಕೈದು ಗಂಟೆ ಮೇಲೆಯೇ ಇರಬಹುದು. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ವಾಯುಪಡೆಯಲ್ಲಿ ಉಳಿದ ಯುದ್ಧವಿಮಾನದ ಸ್ಕ್ವಾಡ್ರನ್‌ಗಳು (ವಿಮಾನಗಳ ತುಕಡಿಗಳು) 29. ಮಂಜೂರಾಗಿರುವುದು 42. ಯುದ್ಧವಿಮಾನ ಕಡಿಮೆ ಇರುವಾಗ ಇರುವ ಒಂದೊಂದನ್ನೂ ಜಾಸ್ತಿ ಹೊತ್ತು ಮೇಲೆ ಇಡಬೇಕಲ್ವಾ? ಹಾಗೆ ಇಡಲು ಟ್ಯಾಂಕರ್ ಬಿಟ್ಟರೆ ಬೇರೆ ದಾರಿ ಇಲ್ಲ.

ಮೂರನೆಯ ಉಪಯೋಗವನ್ನು ಪತ್ರಿಕೆಗಳು ಅಷ್ಟಾಗಿ ಬರೆಯುವುದಿಲ್ಲ. ನಮ್ಮ ಕರಾವಳಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಅದು ಏರುವಾಗಿನ ತೂಕ.

ಬೈತಖೋಲ್ ಬಂದರಿನಿಂದ ಆಳಸಮುದ್ರಕ್ಕೆ ಹೊರಡುವ ಬೋಟಿನ ತಾಂಡೇಲನಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಡೀಸೆಲ್ ಜಾಸ್ತಿ ತುಂಬಿದರೆ ಐಸ್ ಕಡಿಮೆ ಮಾಡಬೇಕು, ಐಸ್ ಜಾಸ್ತಿ ಹಾಕಿದರೆ ಅಷ್ಟು ದಿನ ಸಮುದ್ರದಲ್ಲಿ ನಿಲ್ಲಲು ಡೀಸೆಲ್ ಸಾಲದು. ಯುದ್ಧವಿಮಾನಕ್ಕೂ ಹಾಗೇ, ಇಂಧನ ಮತ್ತು ಕ್ಷಿಪಣಿ ಎರಡೂ ಒಂದೇ ತೂಕದ ಮಿತಿಯೊಳಗೆ ಇರಬೇಕು. ನೆಲದ ಮೇಲಿನ ರನ್‌ವೇ ಉದ್ದ ಇದ್ದರೆ ಈ ಮಿತಿ ಅಷ್ಟು ಕಾಡುವುದಿಲ್ಲ. ವಿಕ್ರಾಂತ್, ವಿಕ್ರಮಾದಿತ್ಯದ ಡೆಕ್ ಮೇಲೆ ಓಡಲು ಸಿಗುವ ಜಾಗ ಮಾತ್ರ ತುಂಬಾ ಕಡಿಮೆ. ಅಮೆರಿಕದ ಹಡಗುಗಳಲ್ಲಿ ವಿಮಾನವನ್ನು ಎಳೆದು ಎಸೆಯುವ ಕ್ಯಾಟಪಲ್ಟ್ ಇರುತ್ತದೆ. ನಮ್ಮ ಹಡಗುಗಳಲ್ಲಿ ಅದಿಲ್ಲ. ಮೂತಿಯ ಕಡೆ ಡೆಕ್ ಮೇಲಕ್ಕೆ ಬಾಗಿದೆ. ವಿಮಾನ ತನ್ನದೇ ಎಂಜಿನ್ ಬಲದಲ್ಲಿ ಆ ಏರನ್ನು ಹತ್ತಿ ಗಾಳಿಗೆ ಜಿಗಿಯಬೇಕು. ಹಾಗಾಗಿ ತೂಕ ಇಳಿಸಲೇಬೇಕು. ಕ್ಷಿಪಣಿ ಪೂರ್ತಿ ಬೇಕು ಅಂದರೆ ಇಂಧನ ಕಡಿಮೆ ತುಂಬಿಕೊಂಡು ಹಾರಬೇಕು. ಮೇಲೆ ಹೋದ ಹತ್ತೇ ನಿಮಿಷಕ್ಕೆ ಒಂದು ಟ್ಯಾಂಕರ್ ಸಿಕ್ಕಿ ಹೊಟ್ಟೆ ತುಂಬಿಸಿತು ಅಂದರೆ? ಆಗ ಅದೇ ವಿಮಾನ ಪೂರ್ತಿ ಕ್ಷಿಪಣಿ, ಪೂರ್ತಿ ಇಂಧನ ಎರಡನ್ನೂ ಹೊತ್ತು ಹೊರಡುತ್ತದೆ. ಲೇಹ್‌ನಲ್ಲೂ ಇದೇ ಕಥೆ. ಅಲ್ಲಿ ರನ್‌ವೇ 3,200 ಮೀಟರ್‌ಗೂ ಎತ್ತರದಲ್ಲಿದೆ, ಗಾಳಿ ತೆಳು, ಭಾರ ಹೊತ್ತು ಏಳುವುದು ಕಷ್ಟ.

ಭಾರತ ನೌಕಾಪಡೆಗಾಗಿ, ಹಡಗಿನ ಡೆಕ್‌ನಿಂದ ಹಾರುವ 26 ರಫೇಲ್-ಎಂ ಯುದ್ಧವಿಮಾನ ಕೊಳ್ಳಲು 2025ರ ಏಪ್ರಿಲ್‌ನಲ್ಲಿ ಸುಮಾರು 63,000 ಕೋಟಿ ರೂಪಾಯಿಗೆ ಸಹಿ ಹಾಕಿದೆ. ಅಷ್ಟು ದುಡ್ಡು ಕೊಟ್ಟು ತಂದ ವಿಮಾನ ಅರ್ಧ ಹೊಟ್ಟೆಯಲ್ಲಿ ಹಾರಬೇಕಾಗಿ ಬಂದರೆ ಆ ದುಡ್ಡಿನ ಒಂದು ಪಾಲು ನೀರಿಗೆ ಹಾಕಿದ ಹಾಗೆ. ಒಂದು ಯುದ್ಧವಿಮಾನ ಇನ್ನೊಂದಕ್ಕೆ ಇಂಧನ ಕೊಡುವ 'ಬಡ್ಡಿ' (ಇಂಗ್ಲಿಷಿನಲ್ಲಿ ಜೊತೆಗಾರ ಅಂತ ಅರ್ಥ) ಪದ್ಧತಿ ಇದೆ, ನಿಜ. ಮಿಗ್-29ಕೆ ಮಾಡುತ್ತದೆ, ರಫೇಲ್-ಎಂ ಕೂಡ ಮಾಡಬಲ್ಲದು. ಆದರೆ ಕೊಡುವ ವಿಮಾನವೂ ಅದೇ ಕಿರಿದಾದ ಡೆಕ್‌ನಿಂದ, ಅದೇ ತೂಕದ ಮಿತಿಯಲ್ಲಿ ಏರಿದ್ದು ತಾನೆ? ಅದು ಕೊಡುವುದು ಒಂದೆರಡು ಟನ್. ಮೇಲಾಗಿ ಕಾದಾಡಬೇಕಾಗಿದ್ದ ಒಂದು ವಿಮಾನ ಆ ಹೊತ್ತಿಗೆ ಪೆಟ್ರೋಲ್ ಬಂಕ್ ಕೆಲಸಕ್ಕೆ ಹೋಯಿತು. ತುರ್ತಿಗೆ ಸರಿ. ದಿನನಿತ್ಯಕ್ಕೆ ದೊಡ್ಡ ಟ್ಯಾಂಕರೇ ಬೇಕು, ಮತ್ತು ಅದು ನೆಲದ ಮೇಲಿನ ನೆಲೆಯಿಂದಲೇ ಬರಬೇಕು.

ಈ ಇಂಧನ ಕೊಡುವ ಕೆಲಸ ಹತ್ತಿರದಿಂದ ಹೇಗಿರುತ್ತದೆ ಅಂತ ಸ್ವಲ್ಪ ನೋಡೋಣ. ಯಾವ ಟ್ಯಾಂಕರ್ ಆರಿಸಬೇಕು ಅನ್ನುವ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ತೇಜಸ್ ಮೊದಲ ಸಲ ಆಕಾಶದಲ್ಲಿ ಇಂಧನ ಕುಡಿದದ್ದು 2018ರ ಸೆಪ್ಟೆಂಬರ್ 10ರಂದು. 20,000 ಅಡಿ ಎತ್ತರ. ಗಂಟೆಗೆ ಸುಮಾರು 500 ಕಿ.ಮೀ. ವೇಗ. ಮುಂದೆ ಐಎಲ್-78, ಅದರಿಂದ ಹಿಂದಕ್ಕೆ ಚಾಚಿದ ಉದ್ದದ ಹೋಸ್, ಹೋಸಿನ ತುದಿಗೆ ಬ್ಯಾಡ್ಮಿಂಟನ್ ಕಾಕ್‌ನ ಆಕಾರದ ಒಂದು ಬುಟ್ಟಿ. ತೇಜಸ್‌ನ ಮೂತಿಯ ಪಕ್ಕ ಒಂದು ಕೊಳವೆ, ಅದಕ್ಕೆ ಪ್ರೋಬ್ ಅನ್ನುತ್ತಾರೆ. ಆ ಕೊಳವೆಯನ್ನು ಬುಟ್ಟಿಯ ನಡುವಿಗೆ ತೂರಿಸುವುದು ಪೈಲಟ್ ಕೆಲಸ. ಎರಡೂ ವಿಮಾನ ಓಡುತ್ತಿರುವುದು 500 ಕಿ.ಮೀ. ವೇಗದಲ್ಲಾದರೂ ಒಂದು ಇನ್ನೊಂದನ್ನು ಸಮೀಪಿಸುವುದು ಮನುಷ್ಯ ನಡೆಯುವ ವೇಗದಲ್ಲಿ. ಅದಕ್ಕಿಂತ ಮೆಲ್ಲಗೆ ಹೋದರೆ ಕೊಂಡಿ ಬೀಳುವುದಿಲ್ಲ. ಜೋರಾಗಿ ಹೋದರೆ ಹೋಸ್ ಸಡಿಲಾಗಿ ಹಾವಿನ ಹಾಗೆ ಅಲೆ ಎದ್ದು ಪ್ರೋಬ್ ಮುರಿಯಬಹುದು. ಇನ್ನೇನು ಸಿಕ್ಕಿತು ಅನ್ನುವಾಗ ಯುದ್ಧವಿಮಾನದ ಮೂತಿ ತಳ್ಳಿದ ಗಾಳಿಗೆ ಬುಟ್ಟಿ ಪಕ್ಕಕ್ಕೆ ಸರಿಯುತ್ತದೆ. ಬುಟ್ಟಿಯನ್ನೇ ದಿಟ್ಟಿಸಿ ಅಟ್ಟಿಸಿಕೊಂಡು ಹೋದರೆ ಸಿಗುವುದಿಲ್ಲ, ಟ್ಯಾಂಕರ್‌ನ ಮೈ ನೋಡಿ ಅಂದಾಜು ಹಿಡಿಯಬೇಕು. ಅವತ್ತು ತೇಜಸ್‌ಗೆ ದಾಟಿದ್ದು 1,900 ಕೆ.ಜಿ. ಇಂಧನ.

ಇದು ಬುಟ್ಟಿ ಪದ್ಧತಿ. ಇನ್ನೊಂದು ಬೂಮ್ ಪದ್ಧತಿ. ಅದರಲ್ಲಿ ಟ್ಯಾಂಕರ್‌ನ ಬಾಲದ ಕೆಳಗೆ ಗಟ್ಟಿಯಾದ ಉದ್ದ ಕೊಳವೆ ಇರುತ್ತದೆ, ಟ್ಯಾಂಕರ್‌ನಲ್ಲಿ ಕೂತ ಒಬ್ಬ ಆಪರೇಟರ್ ಅದನ್ನು ನಡೆಸಿ ಕೆಳಗಿನ ವಿಮಾನದ ತೂತಿಗೆ ಇಳಿಸುತ್ತಾನೆ. ಅಮೆರಿಕದ ವಾಯುಪಡೆ ಹೆಚ್ಚಾಗಿ ಇದನ್ನೇ ಬಳಸುತ್ತದೆ. ಹರಿವು ತುಂಬಾ ಜಾಸ್ತಿ. ಏರ್‌ಬಸ್ ಎ330 ಟ್ಯಾಂಕರ್‌ನ ಬೂಮ್ ನಿಮಿಷಕ್ಕೆ ಸುಮಾರು 4,600 ಲೀಟರ್ ಕೊಟ್ಟರೆ ಅದೇ ವಿಮಾನದ ರೆಕ್ಕೆಯ ಹೋಸ್ ಕೊಡುವುದು 1,600 ಲೀಟರ್. ಕೇಳಿದರೆ ಬೂಮೇ ಮೇಲು ಅನ್ನಿಸುತ್ತದೆ. ಆದರೆ ನಮ್ಮ ಸುಖೋಯ್, ರಫೇಲ್, ಮಿರಾಜ್, ತೇಜಸ್, ನೌಕಾಪಡೆಯ ಮಿಗ್-29ಕೆ, ಡಿಆರ್‌ಡಿಒದ 'ನೇತ್ರ' ಕಣ್ಗಾವಲು ವಿಮಾನ, ಇವೆಲ್ಲ ಬುಟ್ಟಿಯವು. ಬೂಮ್ ಬೇಕಾಗುವುದು ಸಿ-17ನಂಥ ಅಮೆರಿಕದ ಕೆಲವು ವಿಮಾನಗಳಿಗೆ ಮಾತ್ರ. ಹಾಗಾಗಿ ಭಾರತಕ್ಕೆ ಮೊದಲು ಬೇಕಾದದ್ದು ಒಳ್ಳೆಯ ಎರಡು ಮೂರು ಹೋಸ್. ಬೂಮ್ ಇದ್ದರೆ ಒಳ್ಳೆಯದು, ಅದಕ್ಕಾಗಿ ಕಾಯುತ್ತಾ ಕೂರುವುದು ಬೇಡ. ಎರಡು ರೆಕ್ಕೆಗೂ ಹೋಸ್ ಇದ್ದರೆ ಏಕಕಾಲಕ್ಕೆ ಎರಡು ಯುದ್ಧವಿಮಾನ ಕುಡಿಯುತ್ತವೆ, ಸರತಿಯಲ್ಲಿ ಕಾಯುತ್ತಾ ಇಂಧನ ಸುಡುವುದೂ ತಪ್ಪುತ್ತದೆ.

ಇನ್ನು ಟೆಂಡರ್ ಕಥೆ. ಇದನ್ನು ಓದಿದರೆ ಸಿಟ್ಟು ಬರುತ್ತದೆ. 2006ರಲ್ಲಿ ಮೊದಲ ಟೆಂಡರ್. ವಾಯುಪಡೆ ಎ330 ಬೇಕು ಅಂದಿತು. ಹಣಕಾಸು ಇಲಾಖೆ ಬೆಲೆ ಜಾಸ್ತಿ ಅಂದಿತು, 2010ರ ಆರಂಭದಲ್ಲಿ ರದ್ದಾಯಿತು. ಅದೇ ವರ್ಷ ಎರಡನೇ ಟೆಂಡರ್. ಈ ಸಲ ಕೊಳ್ಳುವ ಬೆಲೆಯ ಜೊತೆಗೆ ವಿಮಾನದ ಇಡೀ ಆಯುಷ್ಯದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು ಅಂತ ತೀರ್ಮಾನ ಆಯಿತು, ಅಂದರೆ ಇಂಧನ, ಬಿಡಿಭಾಗ, ರಿಪೇರಿ, ಸಿಬ್ಬಂದಿ ಎಲ್ಲ. ಆ ಲೆಕ್ಕದಲ್ಲಿ 2013ರ ಆರಂಭಕ್ಕೆ ಎ330 ಗೆದ್ದಿತು. ಆಮೇಲೆ ಮಾತುಕತೆ ಎಳೆದು ಎಳೆದು, ಆ ಆಯುಷ್ಯದ ಖರ್ಚಿನ ಲೆಕ್ಕವೇ ತಕರಾರಾಗಿ, 2016ರಲ್ಲಿ ಅದೂ ರದ್ದು. 2018ರಲ್ಲಿ ಮತ್ತೆ ಹೊಸದಾಗಿ ಮಾಹಿತಿ ಕೇಳಿದರು. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಎಚ್‌ಎಎಲ್ ಮತ್ತು ಇಸ್ರೇಲ್ ಕಂಪನಿ, ನಾಗರಿಕ ವಿಮಾನಗಳನ್ನು ಇಲ್ಲೇ ಟ್ಯಾಂಕರ್ ಆಗಿ ಬದಲಾಯಿಸುವ ಒಪ್ಪಂದ ಮಾಡಿಕೊಂಡವು. ಹೀಗೆ 2006ರಿಂದ ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತು ವರ್ಷ ಹೋಯಿತು. ಅವತ್ತು ಹುಟ್ಟಿದ ಮಗು ಇವತ್ತು ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಸೇರುವ ವಯಸ್ಸು ದಾಟುತ್ತಿದೆ.

ಇಲ್ಲಿ ತಪ್ಪು ಆಗಿದ್ದು ಎಲ್ಲಿ? ಎರಡನೇ ಟೆಂಡರಿನ ಯೋಚನೆ ಸರಿಯಾಗೇ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಕೊಳ್ಳುವಾಗ ಅಗ್ಗ ಕಂಡ ವಿಮಾನ ನಾಲ್ಕು ಎಂಜಿನ್‌ಗೆ ಇಂಧನ ಕುಡಿದು, ಬಿಡಿಭಾಗ ಸಿಗದೆ ಅರ್ಧ ವರ್ಷ ನಿಂತರೆ ಅದು ಅಗ್ಗ ಹೇಗಾಗುತ್ತದೆ? ಸಿಎಜಿ ಹೇಳಿದ 49ರ ಕಥೆ ಕಣ್ಣ ಮುಂದೆಯೇ ಇದೆ. ಆದರೆ ಮೂವತ್ತು ವರ್ಷದ ಖರ್ಚನ್ನು ಇವತ್ತೇ ರೂಪಾಯಿ ಪೈಸೆಯವರೆಗೆ ಅಂದಾಜು ಮಾಡಿ, ಅದಕ್ಕೆ ಎಲ್ಲ ಇಲಾಖೆಗಳೂ ಸಹಿ ಹಾಕಬೇಕು ಅಂದರೆ ಯಾವ ಕಡತವೂ ಮುಂದೆ ಹೋಗುವುದಿಲ್ಲ. ಒಂದು ದಾರಿ ಇದೆ. ಖರ್ಚಿನ ಅಂದಾಜಿನ ಬದಲು ಸಿದ್ಧತೆಯ ಖಾತ್ರಿ ಬರೆಸಿಕೊಳ್ಳುವುದು. ವರ್ಷದಲ್ಲಿ ಇಷ್ಟು ದಿನ ಇಷ್ಟು ವಿಮಾನ ಹಾರಲು ರೆಡಿ ಇರಬೇಕು, ಇಲ್ಲದಿದ್ದರೆ ದುಡ್ಡು ಕಡಿತ. ಮಾರುವವನೇ ಬಿಡಿಭಾಗದ ಜವಾಬ್ದಾರಿ ಹೊರಲಿ.

ಬ್ರಿಟನ್ ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಯಿತು. 2008ರಲ್ಲಿ ಏರ್‌ಟ್ಯಾಂಕರ್ ಅನ್ನುವ ಖಾಸಗಿ ಕೂಟದ ಜೊತೆ 27 ವರ್ಷದ ಒಪ್ಪಂದ ಮಾಡಿಕೊಂಡು 14 ಎ330 ಟ್ಯಾಂಕರ್‌ಗಳ ಸೇವೆಯನ್ನೇ ಖರೀದಿಸಿತು, ಅದರಲ್ಲಿ ಕೆಲವನ್ನು ಶಾಂತಿಯ ಕಾಲದಲ್ಲಿ ಬೇರೆ ಕೆಲಸಕ್ಕೂ ಬಿಡುತ್ತಾರೆ. ನೆದರ್ಲೆಂಡ್ಸ್, ಜರ್ಮನಿ, ನಾರ್ವೆ, ಬೆಲ್ಜಿಯಂ ಮುಂತಾದವು ಸೇರಿ ಐಂಡ್‌ಹೋವನ್‌ನಲ್ಲಿ ಹಂಚಿಕೊಂಡು ಬಳಸುತ್ತವೆ. ಭಾರತದ ಗಾತ್ರದ ದೇಶಕ್ಕೆ ಹಂಚಿಕೊಳ್ಳುವುದು ಆಗದ ಮಾತು. ಆದರೆ ಬಾಡಿಗೆಗೆ ನಾವೂ ಕೈ ಹಾಕಿದ್ದೇವೆ. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಮೆಟ್ರಿಯಾ ಅನ್ನುವ ಕಂಪನಿಯಿಂದ ಒಂದು ಕೆಸಿ-135 ಟ್ಯಾಂಕರನ್ನು ಗುತ್ತಿಗೆಗೆ ತೆಗೆದುಕೊಳ್ಳಲು ಸಹಿ ಹಾಕಿತು. ವಾಯುಪಡೆ, ನೌಕಾಪಡೆ ಎರಡರ ಪೈಲಟ್‌ಗಳಿಗೂ ತರಬೇತಿ ಕೊಡಲು. ನಾನು ಇದನ್ನು ಒಳ್ಳೆಯ ಹೆಜ್ಜೆ ಅನ್ನುತ್ತೇನೆ. ಬುಟ್ಟಿಗೆ ಪ್ರೋಬ್ ಸೇರಿಸುವುದು ಕೈ ಪಳಗಿದರಷ್ಟೇ ಬರುವ ವಿದ್ಯೆ, ರೂಢಿ ತಪ್ಪಿದರೆ ಕೈ ತಪ್ಪುತ್ತದೆ. ಇರುವ ಆರು ಐಎಲ್-78 ಗಳ ಹಾರಾಟದ ಗಂಟೆಗಳನ್ನು ತರಬೇತಿಗೇ ಸವೆಸಿದರೆ ನಿಜವಾದ ಕೆಲಸಕ್ಕೆ ಏನು ಉಳಿಯುತ್ತದೆ? ಆದರೆ ಯುದ್ಧ ಬಂದರೆ ಬಾಡಿಗೆ ವಿಮಾನ ಬರುವುದಿಲ್ಲ ಅನ್ನುವುದನ್ನೂ ನೆನಪಿಡಬೇಕು.

ಹಾಗಾದರೆ ಯಾವ ವಿಮಾನ? ಐಎಲ್-78ರ ಹೊಸ ಮಾದರಿಯನ್ನು ರಷ್ಯಾ ಈಗ ಉಲಿಯಾನೊವ್ಸ್ಕ್‌ನಲ್ಲಿ ತಯಾರಿಸುತ್ತಿದೆ. ನಮ್ಮವರಿಗೆ ಪರಿಚಯದ ವಿಮಾನ ಅನ್ನುವುದು ಅದರ ಬಲ. 2022ರಿಂದ ಉಕ್ರೇನ್ ಯುದ್ಧದಲ್ಲಿ ಮುಳುಗಿರುವ ದೇಶ ನಮಗೆ ಹೊತ್ತಿಗೆ ಸರಿಯಾಗಿ ಬಿಡಿಭಾಗ ಕೊಡುತ್ತದೆ ಅಂತ ನಂಬಿ ಕೂರಲು ನನಗೆ ಧೈರ್ಯವಿಲ್ಲ. ಬೋಯಿಂಗ್‌ನ ಹೊಸ ಕೆಸಿ-46 ಇದೆ. ಅಮೆರಿಕದಲ್ಲಿ ಅದರ ಕಥೆ ನಮ್ಮ ಟೆಂಡರಿಗಿಂತ ದೊಡ್ಡ ರಾದ್ಧಾಂತ. 2008ರಲ್ಲಿ ಏರ್‌ಬಸ್ ಕಡೆಯವರು ಗೆದ್ದರು, ಬೋಯಿಂಗ್ ತಕರಾರು ಎತ್ತಿತು, ಮರುಟೆಂಡರ್ ಆಗಿ 2011ರಲ್ಲಿ ಬೋಯಿಂಗ್ ಕಡಿಮೆ ಬೆಲೆ ಹೇಳಿ 179 ವಿಮಾನಗಳ ಯೋಜನೆ ಗೆದ್ದುಕೊಂಡಿತು. ಆಮೇಲೆ ಬೂಮ್ ಆಪರೇಟರ್ ನೋಡುವ ಕ್ಯಾಮೆರಾ ವ್ಯವಸ್ಥೆಯೇ ಸರಿಹೋಗದೆ, ಬೋಯಿಂಗ್ ಇಲ್ಲಿಯವರೆಗೆ ಆ ಯೋಜನೆಯಲ್ಲಿ 700 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ ಮಾಡಿಕೊಂಡಿದೆ. ಕಡಿಮೆ ಬೆಲೆ ಹೇಳಿ ಗೆಲ್ಲುವುದರ ಪರಿಣಾಮ ಕೊಳ್ಳುವವರನ್ನೂ ಬಿಡುವುದಿಲ್ಲ, ಮಾರುವವರನ್ನೂ ಬಿಡುವುದಿಲ್ಲ.

ನಿಜವಾದ ಹೋಲಿಕೆ ಇರುವುದು ಎ330 ಮತ್ತು ಬದಲಾಯಿಸಿದ 767 ನಡುವೆ. ಎ330 ಟ್ಯಾಂಕರ್ ತನ್ನ ಮೂಲ ಟ್ಯಾಂಕ್‌ಗಳಲ್ಲೇ 111 ಟನ್ ಇಂಧನ ಹೊರುತ್ತದೆ, ಒಳಗಿನ ಜಾಗ ಖಾಲಿ, ಬೇಕಾದರೆ ಜನರನ್ನೋ ಸಾಮಾನನ್ನೋ ತುಂಬಬಹುದು. 2020ರ ಜುಲೈನಲ್ಲಿ ನಮ್ಮ ಮೊದಲ ಐದು ರಫೇಲ್‌ಗಳು ಫ್ರಾನ್ಸ್‌ನಿಂದ ಹೊರಟಾಗ ದಾರಿಯಲ್ಲಿ ಇಂಧನ ಕೊಟ್ಟದ್ದು ಫ್ರೆಂಚ್ ವಾಯುಪಡೆಯ ಇದೇ ವಿಮಾನ. 767-300ಇಆರ್ ಚಿಕ್ಕದು, ಅದರ ಮೂಲ ಟ್ಯಾಂಕ್ ಸುಮಾರು 90,000 ಲೀಟರ್, ಅಂದರೆ 72 ಟನ್ ಹತ್ತಿರ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಮಾತು ಮುಗಿಸುವವರು ಜಾಸ್ತಿ. ಆದರೆ ಹೊರಡುವಾಗ ಎಷ್ಟಿತ್ತು ಅನ್ನುವುದು ಮುಖ್ಯವಲ್ಲ, ಅಲ್ಲಿ ಮುಟ್ಟಿದಾಗ ಕೊಡಲು ಎಷ್ಟಿದೆ ಅನ್ನುವುದೇ ಮುಖ್ಯ.

ಒಂದು ಸುಮಾರು ಲೆಕ್ಕ ಹಾಕೋಣ. ಕಾರವಾರದಿಂದ ಪಶ್ಚಿಮಕ್ಕೆ 500 ಕಿ.ಮೀ. ದೂರದಲ್ಲಿ ವಿಕ್ರಾಂತ್ ಇದೆ ಅಂದುಕೊಳ್ಳಿ. ಟ್ಯಾಂಕರ್ ಆಗ್ರಾದಿಂದ ಹೊರಡುತ್ತದೆ. ಆಗ್ರಾದಿಂದ ಕಾರವಾರಕ್ಕೇ ನೇರ ದಾರಿಯಲ್ಲಿ ಸುಮಾರು 1,400 ಕಿ.ಮೀ. ಅಲ್ಲಿಂದ ಸಮುದ್ರದ ಮೇಲೆ ಇನ್ನೊಂದು 500. ಎರಡು ಗಂಟೆ ಅಲ್ಲಿ ಸುತ್ತಬೇಕು, ಆಮೇಲೆ ಅಷ್ಟೇ ದೂರ ವಾಪಸ್. ಒಟ್ಟು ಆರೂವರೆ ಗಂಟೆ ಹಾರಾಟ. 767 ಗಂಟೆಗೆ ಸುಮಾರು 5 ಟನ್ ಸುಡುತ್ತದೆ ಅಂತ ಹಿಡಿದರೆ ತನಗೇ 32 ಟನ್ ಬೇಕು, ತುರ್ತಿಗೆ ಐದಾರು ಟನ್ ಉಳಿಸಿಕೊಳ್ಳಬೇಕು. ಕೊಡಲು ಉಳಿಯುವುದು 34 ಟನ್. ರಫೇಲ್‌ನ ಒಳಗಿನ ಟ್ಯಾಂಕ್ ಹಿಡಿಯುವುದು 4.7 ಟನ್, ಹಾಗಾಗಿ ಏಳು ಸಲ ತುಂಬಿಸಬಹುದು. ಅದೇ 767 ಗೋವಾದ ದಾಬೋಲಿಮ್‌ನಿಂದ ಹೊರಟಿದ್ದರೆ? ಮೂರು ಗಂಟೆಗೂ ಜಾಸ್ತಿ ಹಾರಾಟ ಉಳಿಯುತ್ತದೆ, ಕೊಡಲು 50 ಟನ್ ಸಿಗುತ್ತದೆ. ಹತ್ತಕ್ಕೂ ಹೆಚ್ಚು ರಫೇಲ್. ಎ330ಕ್ಕೆ ಗಂಟೆಗೆ ಆರು ಟನ್ ಅಂತ ಹಿಡಿದರೆ ಆಗ್ರಾದಿಂದ ಬಂದೂ 66 ಟನ್ ಕೊಡುತ್ತದೆ.

ಈ ಲೆಕ್ಕದಲ್ಲಿ ನನಗೆ ಎರಡು ವಿಷಯ ಕಾಣುತ್ತವೆ. ಸಮುದ್ರದ ಕೆಲಸಕ್ಕೆ ದೊಡ್ಡ ವಿಮಾನ ಖಂಡಿತ ಮೇಲು, ಇದರಲ್ಲಿ ಮುಚ್ಚುಮರೆ ಬೇಡ. ಆದರೆ ವಿಮಾನ ಬದಲಾಯಿಸದೆ ಬರೀ ಊರು ಬದಲಾಯಿಸಿದರೂ ಹದಿನಾರು ಟನ್ ಪುಕ್ಕಟೆ ಸಿಗುತ್ತದೆ. ಆರು ಟ್ಯಾಂಕರ್‌ಗಳನ್ನೂ ಮತ್ತೆ ಆಗ್ರಾದಲ್ಲೇ ಇಟ್ಟರೆ ಆ ಹದಿನಾರು ಟನ್ ಪ್ರತಿ ಸಲವೂ ಮಧ್ಯಪ್ರದೇಶ, ಮಹಾರಾಷ್ಟ್ರದ ಆಕಾಶದಲ್ಲಿ ಹೊಗೆಯಾಗಿ ಹೋಗುತ್ತದೆ. ಬ್ರಹ್ಮೋಸ್ ಹೊರುವ ಸುಖೋಯ್‌ಗಳ ಸ್ಕ್ವಾಡ್ರನ್ ಒಂದನ್ನು 2020ರ ಜನವರಿಯಲ್ಲಿ ತಂಜಾವೂರಿಗೆ ತಂದದ್ದು ಹಿಂದೂ ಮಹಾಸಾಗರದ ಮೇಲೆ ಕಣ್ಣಿಟ್ಟೇ. ಯುದ್ಧವಿಮಾನ ದಕ್ಷಿಣಕ್ಕೆ ಬಂತು, ಅದಕ್ಕೆ ಇಂಧನ ಕೊಡುವ ವಿಮಾನ ಉತ್ತರದಲ್ಲೇ ಉಳಿಯಿತು.

ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆ ಕಟ್ಟುತ್ತಿರುವ ವಿಮಾನ ನಿಲ್ದಾಣದಿಂದಲೇ ಹಾರಿಸಬಾರದಾ ಅಂತ ನಮ್ಮವರು ಕೇಳುತ್ತಾರೆ. ಅದರ ರನ್‌ವೇ 2,700 ಮೀಟರ್ ಅಂತ ಯೋಜನೆಯಲ್ಲಿದೆ. ಏಪ್ರಿಲ್-ಮೇ ತಿಂಗಳ ನಮ್ಮ ಸೆಕೆಯಲ್ಲಿ ಪೂರ್ತಿ ತುಂಬಿದ 767ಗೆ ಅದು ಬಿಗಿ, ಎ330ಗೆ ಇನ್ನೂ ಬಿಗಿ. ಬಿಸಿ ಗಾಳಿ ತೆಳುವಾಗಿರುತ್ತದೆ, ವಿಮಾನ ಜಾಸ್ತಿ ಓಡಬೇಕಾಗುತ್ತದೆ, ಇಲ್ಲವಾದರೆ ಇಂಧನ ಕಡಿಮೆ ಹೊರಬೇಕಾಗುತ್ತದೆ. ಟ್ಯಾಂಕರೇ ಇಂಧನ ಕಡಿಮೆ ಹೊತ್ತು ಹೊರಟರೆ ಬಂದು ಏನು ಪ್ರಯೋಜನ? ಹಾಗಾಗಿ ಅಲಗೇರಿ ಬೇರೆ ಕೆಲಸಗಳಿಗೆ ಬರಲಿ, ತುರ್ತಿಗೆ ಇಳಿಯಲು ಬರಲಿ. ಟ್ಯಾಂಕರ್‌ಗೆ ದಾಬೋಲಿಮ್ ಅಥವಾ ಉದ್ದದ ರನ್‌ವೇ ಇರುವ ದಕ್ಷಿಣದ ಇನ್ನೊಂದು ನೆಲೆಯೇ ಸರಿ. ನೆಲೆ ಅಂದರೆ ಬರೀ ರನ್‌ವೇ ಅಲ್ಲ. ಒಂದು ಟ್ಯಾಂಕರ್‌ಗೆ 70 ಟನ್ ತುಂಬಲು ರಸ್ತೆಯ ಟ್ಯಾಂಕರ್ ಲಾರಿಗಳನ್ನು ಸಾಲುಗಟ್ಟಿ ನಿಲ್ಲಿಸಿದರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ನೆಲದಡಿಯ ಪೈಪ್, ದೊಡ್ಡ ಹ್ಯಾಂಗರ್, ಬಿಡಿಭಾಗದ ಗೋದಾಮು, ಇವೆಲ್ಲ ವಿಮಾನ ಬರುವ ಮೊದಲೇ ಆಗಬೇಕು.

ಸೆಕೆಂಡ್‌ಹ್ಯಾಂಡ್ ಪ್ರಶ್ನೆಗೆ ಈಗ ಬರೋಣ. ಕಾರವಾರದ ಟಾಗೋರ್ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಟುಪೊಲೆವ್-142 ವಿಮಾನ ನೋಡಿದವರಿಗೆ ಗೊತ್ತು, ಅದು ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ದುಡಿದ ಮಾದರಿ. ದೊಡ್ಡ ವಿಮಾನಗಳ ಆಯುಷ್ಯವೇ ಹಾಗೆ, ಚೆನ್ನಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತವೆ. ಅಮೆರಿಕದ ಕೆಸಿ-135 ಮೊದಲು ಹಾರಿದ್ದು 1956ರಲ್ಲಿ, ಇವತ್ತೂ ಅವರ ಟ್ಯಾಂಕರ್ ಪಡೆಯ ದೊಡ್ಡ ಪಾಲು ಅದೇ. ಟ್ಯಾಂಕರ್ ಯುದ್ಧವಿಮಾನದ ಹಾಗೆ ತಿರುಗಿ ಮುರುಗಿ ಮೈ ದಣಿಸಿಕೊಳ್ಳುವುದಿಲ್ಲ, ನೇರ ಹಾರುತ್ತದೆ. ಹಾಗಾಗಿ ಹಳೆಯ 767 ಅಂದ ಮಾತ್ರಕ್ಕೆ ಮೂಗು ಮುರಿಯಬೇಕಾಗಿಲ್ಲ. ಜಗತ್ತಿನ ಸರಕು ಸಾಗಣೆ ಕಂಪನಿಗಳು ಇವತ್ತೂ 767 ಹಾರಿಸುತ್ತಿವೆ, ಅದೇ ಮೈಯ ಕೆಸಿ-46 ತಯಾರಾಗುತ್ತಲೇ ಇದೆ, ಹಾಗಾಗಿ ಬಿಡಿಭಾಗಕ್ಕೆ ಸದ್ಯ ಪರದಾಟ ಇಲ್ಲ. ಇಸ್ರೇಲ್ ಕಂಪನಿ ಕೊಲಂಬಿಯಾಕ್ಕೆ ಇಂಥದೇ ಒಂದು 767 ಬದಲಾಯಿಸಿ ಕೊಟ್ಟಿದೆ.

ಚಿಂತೆ ಇರುವುದು ಬೇರೆ ಕಡೆ. ಬ್ರೆಜಿಲ್ ಕೂಡ 2013ರಲ್ಲಿ ಇದೇ ಕಂಪನಿಯ 767 ಆರಿಸಿತ್ತು, ಅದು ಕೈಗೂಡಲಿಲ್ಲ, ಕೊನೆಗೆ 2022ರಲ್ಲಿ ಹಳೆಯ ಎ330ಗಳನ್ನು ಕೊಂಡಿತು. ಅಂದರೆ 767-300 ಮಾದರಿಯ ಮೇಲೆ ಇವರ ಕೆಲಸಕ್ಕೆ ದೊಡ್ಡ ಪಡೆಯೊಂದರಲ್ಲಿ ದುಡಿದ ಅನುಭವ ಇನ್ನೂ ಇಲ್ಲ. ಮೊದಲ ವಿಮಾನ ಬಂದಾಗ ನಮ್ಮ ಸುಖೋಯ್, ರಫೇಲ್, ತೇಜಸ್, ಮಿಗ್-29ಕೆ ಪ್ರತಿಯೊಂದರ ಜೊತೆಗೂ ಕೊಂಡಿ ಹಾಕಿ ಪರೀಕ್ಷಿಸಬೇಕು, ಹಗಲು ರಾತ್ರಿ ಎರಡೂ ಹೊತ್ತು. ಅದಕ್ಕೆ ಸಮಯ ಹಿಡಿಯುತ್ತದೆ. ಒಪ್ಪಂದದ ದಿನಾಂಕದಲ್ಲಿ ಆ ಸಮಯವನ್ನೂ ಬರೆಯಬೇಕು. ಸುಮ್ನೆ 'ವಿಮಾನ ಬಂತು' ಅಂತ ಹೂಮಾಲೆ ಹಾಕಿದರೆ ಕೆಲಸ ಶುರುವಾದ ಹಾಗಲ್ಲ.

ಸಂಖ್ಯೆಯ ಬಗ್ಗೆ ನನ್ನ ತಕರಾರು ಇನ್ನೂ ದೊಡ್ಡದು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷರ ಒಂದೇ ಒಂದು ವಲ್ಕನ್ ಬಾಂಬರ್ ಅಸೆನ್ಶನ್ ದ್ವೀಪದಿಂದ 6,000 ಕಿ.ಮೀ.ಗೂ ದೂರದ ಸ್ಟಾನ್ಲಿ ಮೇಲೆ ಬಾಂಬ್ ಹಾಕಿ ಬರಲು 11 ವಿಕ್ಟರ್ ಟ್ಯಾಂಕರ್‌ಗಳು ಬೇಕಾದವು. ಟ್ಯಾಂಕರ್‌ಗಳೇ ಒಂದಕ್ಕೊಂದು ಇಂಧನ ಕೊಡುತ್ತಾ ಹೋದವು. ಸಮುದ್ರದ ಮೇಲೆ ದೂರ ಹೇಗೆ ಟ್ಯಾಂಕರ್‌ಗಳನ್ನು ನುಂಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಮಗೆ ಅಷ್ಟು ದೂರ ಹೋಗುವ ಕೆಲಸ ಇಲ್ಲದಿರಬಹುದು. ಆದರೆ ಒಂದೇ ವಾರ ಲಡಾಖ್‌ನಲ್ಲೂ, ಪಂಜಾಬ್ ಗಡಿಯಲ್ಲೂ, ಅರಬ್ಬೀ ಸಮುದ್ರದಲ್ಲೂ ಟ್ಯಾಂಕರ್ ಬೇಕಾದರೆ? ಹಳೆಯ ಆರು, ಹೊಸ ಆರು, ಹನ್ನೆರಡರಲ್ಲಿ ಶೇ 70 ರೆಡಿ ಇದ್ದರೂ ಎಂಟು. ಒಂದು ಜಾಗದಲ್ಲಿ ದಿನವಿಡೀ ಒಂದು ಟ್ಯಾಂಕರ್ ಮೇಲೆ ಇರಬೇಕಾದರೆ ಮೂರು ನಾಲ್ಕಾದರೂ ಸರತಿಯಲ್ಲಿ ಓಡಾಡಬೇಕು. ಎರಡು ಜಾಗಕ್ಕೆ ಎಂಟು ಮುಗಿಯಿತು, ಮೂರನೆಯದಕ್ಕೆ ಏನೂ ಉಳಿಯುವುದಿಲ್ಲ. ಆ ಮೂರನೆಯ ಜಾಗ ಸಮುದ್ರವೇ ಆಗುತ್ತದೆ ಅನ್ನುವ ಭಯ ನನ್ನದು, ಯಾಕಂದರೆ ದಿಲ್ಲಿಯ ಕಣ್ಣಿಗೆ ಗಡಿ ಅಂದರೆ ಮೊದಲು ಕಾಣುವುದು ಹಿಮಾಲಯ.

ಅಲ್ಲದೆ ಚೀನಾ ತನ್ನ ವೈ-20 ಸಾಗಣೆ ವಿಮಾನದ ಟ್ಯಾಂಕರ್ ಮಾದರಿಯನ್ನು ಸ್ವಂತವಾಗಿ ತಯಾರಿಸುತ್ತಿದೆ, ಬೇಕಾದಷ್ಟು ಮಾಡಿಕೊಳ್ಳಬಲ್ಲದು. ಟ್ಯಾಂಕರ್ ಮತ್ತು ಕಣ್ಗಾವಲು ವಿಮಾನಗಳನ್ನೇ ದೂರದಿಂದ ಹೊಡೆಯುವ ಕ್ಷಿಪಣಿಗಳೂ ಬರುತ್ತಿವೆ. ಟ್ಯಾಂಕರ್ ದೊಡ್ಡ ಗುರಿ, ಓಡಲಾರದು, ಅಡಗಲಾರದು. ಹಾಗಾಗಿ ಮುಂದೆ ಅದು ಇನ್ನೂ ಹಿಂದೆ ನಿಂತು ಕೊಡಬೇಕಾಗುತ್ತದೆ, ಯುದ್ಧವಿಮಾನ ಹಿಂದಕ್ಕೆ ಬಂದು ಕುಡಿದು ಹೋಗಬೇಕಾಗುತ್ತದೆ. ಅಂದರೆ ಒಂದೊಂದು ಸಲಕ್ಕೂ ಜಾಸ್ತಿ ಇಂಧನ, ಜಾಸ್ತಿ ಟ್ಯಾಂಕರ್.

ಇಷ್ಟೆಲ್ಲ ನೋಡಿದ ಮೇಲೆ ನನ್ನ ನಿಲುವು ಹೀಗಿದೆ. ಇನ್ನೊಂದು ಟೆಂಡರ್ ರದ್ದು ಮಾಡಿ ಮತ್ತೆ ಮೊದಲಿನಿಂದ ಶುರು ಮಾಡುವುದು ಬೇಡವೇ ಬೇಡ. ಎ330 ಸಿಕ್ಕಿದ್ದರೆ ಚೆನ್ನಾಗಿತ್ತು, ಸಿಗಲಿಲ್ಲ. 767 ಬರಲಿ. ಆದರೆ ಸಹಿ ಹಾಕುವಾಗಲೇ ಇನ್ನೂ ಆರು ವಿಮಾನ ಅದೇ ದರದಲ್ಲಿ ಕೊಳ್ಳುವ ಆಯ್ಕೆ ಬರೆಸಿಕೊಳ್ಳಲಿ, ಸಿದ್ಧತೆ ಶೇ 70ಕ್ಕಿಂತ ಕೆಳಗೆ ಇಳಿದರೆ ದಂಡದ ಷರತ್ತು ಇರಲಿ, ಬದಲಾಯಿಸುವ ಕೆಲಸದ ದೊಡ್ಡ ಪಾಲು ಎಚ್‌ಎಎಲ್‌ನಲ್ಲಿ ಆಗಲಿ, ಯಾಕಂದರೆ ಇಪ್ಪತ್ತು ವರ್ಷದ ಮೇಲೆ ಅದನ್ನು ಬಿಚ್ಚಿ ರಿಪೇರಿ ಮಾಡಬೇಕಾದವರು ನಮ್ಮವರೇ. ಮತ್ತು ಮೊದಲ ಆರರಲ್ಲಿ ಮೂರಾದರೂ ದಕ್ಷಿಣಕ್ಕೆ ಬರಲಿ. ರಫೇಲ್-ಎಂ ವಿಮಾನಗಳು ಪೂರ್ತಿ ಬಂದು ಸೇರುವುದು 2030ರ ಸುಮಾರಿಗೆ. ದಾಬೋಲಿಮ್‌ನಲ್ಲಿ ಹ್ಯಾಂಗರ್, ಪೈಪ್‌ಲೈನ್ ಕೆಲಸ ಇವತ್ತು ಶುರುವಾದರೆ ಆ ಹೊತ್ತಿಗೆ ಮುಗಿಯುತ್ತದೆ. ಇನ್ನೆರಡು ವರ್ಷ ಕಡತ ಓಡಾಡಿದರೆ ಮುಗಿಯುವುದಿಲ್ಲ.